ನಾನು ಹೊಡೆದ ನೂರಾ ನಲವತ್ತಮೂರು ಮೊಳೆ

ಇದನ್ನು ಬರೆಯಬೇಡ ಅಂತ ಹಂಪಣ್ಣ ಮಾಸ್ತರು ಹೇಳಿದರು. ಊರ ಮಾನ ಹೋಗುತ್ತದಂತೆ. ಮಾನ ಯಾವತ್ತು ಹೋಯಿತು ಅಂತ ನನಗೆ ಗೊತ್ತಿದೆ, ಅವತ್ತು ಯಾವ ವಾರ ಅನ್ನುವುದೂ ಗೊತ್ತಿದೆ. ನಾನು ಸುಮ್ಮನಿದ್ದರೆ ಅದು ವಾಪಸ್ಸು ಬರುವುದಿಲ್ಲ. ಏಳನೇ ಇಯತ್ತೆಗೆ ಸಾಲೆ ಬಿಟ್ಟವನು ನಾನು. ತಪ್ಪಿದ್ದರೆ ಮಾಸ್ತರೇ ತಿದ್ದಲಿ, ಕೆಂಪು ಪೆನ್ನು ಇನ್ನೂ ಕಿಸೆಯಲ್ಲೇ ಇಟ್ಟುಕೊಂಡು ತಿರುಗುತ್ತಾರೆ.

ನನ್ನ ಹೆಸರು ಯಮನೂರ. ನಾಲ್ಕು ದಾರಿ ಕೂಡುವಲ್ಲಿ ಸಂಜೆ ಕೆಂಪು ಬಟ್ಟೆ ಹಿಡಿದು ನಿಲ್ಲುವುದು ನನ್ನ ಕೆಲಸ. ಹೊತ್ತು ಇಳಿಯುತ್ತಲೂ ನಮ್ಮೂರಿನ ವಸ್ತುಗಳೆಲ್ಲ ತಮ್ಮ ತಮ್ಮ ಮನೆ ಸೇರಲು ಹೊರಡುತ್ತವೆ. ಮದುವೆ ಮನೆಯಲ್ಲಿ ಮರೆತ ಕೊಡೆ, ಆಚೆ ಓಣಿಗೆ ಎರವಲು ಹೋದ ಕೊಡ, ಯಾರೋ ಮೆಲ್ಲಗೆ ಕಿಸೆಗೆ ಇಳಿಸಿದ ಕೈಗಡಿಯಾರ, ಎಲ್ಲ ಉರುಳುತ್ತ, ತೆವಳುತ್ತ, ಕುಪ್ಪಳಿಸುತ್ತ ಒಡೆಯರ ಬಾಗಿಲಿಗೆ ಬರುತ್ತವೆ. ಅರ್ಧ ತಾಸಿನ ಗದ್ದಲ ಅದು. ಬಸ್ಸು, ಆಟೋ ತಡೆದು ಅವಕ್ಕೆ ದಾರಿ ಬಿಡಿಸದಿದ್ದರೆ ದಿನಾ ಹತ್ತು ಪಾತ್ರೆ ನಜ್ಜುಗುಜ್ಜು. ಎರಡು ದಿನಕ್ಕೆ ಅಂತ ಏನಾದರೂ ಎರವಲು ತಂದರೆ ಹಗ್ಗ ಹಾಕಿ ಕಟ್ಟಬೇಕು, ಇಲ್ಲದಿದ್ದರೆ ಸಂಜೆಗೆ ಹೊರಟುಬಿಡುತ್ತದೆ.

ಒಂದು ವಸ್ತು ಇನ್ನೊಬ್ಬರದಾಗಬೇಕಾದರೆ ಕೊಡುವವರು ಅದರ ಮೇಲೆ ಕೈಯಿಟ್ಟು "ಬಿಟ್ಟೆ" ಅನ್ನಬೇಕು. ಸಂತೆಯ ದಿನ ಬಂದು ಕೇಳಿ. ಬದನೆಕಾಯಿ ಮೇಲೆ ಕೈ, ಬಿಟ್ಟೆ. ನೋಟಿನ ಮೇಲೆ ಕೈ, ಬಿಟ್ಟೆ. ಜೇನು ಗೂಡಿಗೆ ಕಲ್ಲು ಹೊಡೆದ ಹಾಗೆ ಇಡೀ ಪೇಟೆ ಗುಂಯ್ ಅನ್ನುತ್ತಿರುತ್ತದೆ. ನಮ್ಮಲ್ಲಿ ಬೀಗದ ಅಂಗಡಿ ಇಲ್ಲ. ಕಳ್ಳರಿಗೆ ಯಾರೂ ಹೆದರುವುದಿಲ್ಲ, ಕದ್ದದ್ದು ಸಂಜೆಗೆ ಬಂದೇ ಬರುತ್ತದೆ. ಬಾರದೆ ಇರುವುದು ನಾವೇ ಬಾಯಿಬಿಟ್ಟು ಬಿಟ್ಟದ್ದು ಮಾತ್ರ. ಇದನ್ನು ನಮಗಿಂತ ಚೆನ್ನಾಗಿ ತಿಳಿದುಕೊಂಡು ಬಂದವನು ವಿಹಾನ್ ಸರ್.

ಬಂದದ್ದು ಬೇಸಿಗೆಯಲ್ಲಿ. ಊರ ಉತ್ತರಕ್ಕೆ ಬಸ್ ಸ್ಟ್ಯಾಂಡು, ಅದರ ಮಗ್ಗುಲಿನ ಲಾಡ್ಜಿನಲ್ಲಿ ಏಳನೇ ನಂಬರ್ ರೂಮು ಹಿಡಿದ. ಮೊದಲು ಗಾಳ ಹಾಕಿದ್ದೇ ಹಂಪಣ್ಣ ಮಾಸ್ತರಿಗೆ. ಊರಲ್ಲಿ ಅರ್ಧ ಜನ ಅವರ ಕೈಯಲ್ಲಿ ಛಡಿ ಏಟು ತಿಂದವರು, ಅವರು ಸರಿ ಅಂದರೆ ಸರಿ. ಮಾಸ್ತರು ಹತ್ತು ಸಾವಿರ ಕೊಟ್ಟರು, ಹತ್ತೇ ದಿನದಲ್ಲಿ, "ಬಿಟ್ಟೆ" ಅನ್ನಿಸಿಕೊಂಡೇ, ಹನ್ನೆರಡು ಸಾವಿರ ಕೈಗೆ ಬಂತು. ಅವರು ಓಣಿಗೆಲ್ಲ ಪೇಡೆ ಹಂಚಿದರು. ನಾನೂ ಎರಡು ತಿಂದೆ. ಅಷ್ಟು ತುಟ್ಟಿ ಪೇಡೆ ನಮ್ಮೂರು ಮತ್ತೆ ತಿನ್ನುವುದಿಲ್ಲ.

ಆಮೇಲೆ ಲಾಡ್ಜಿನ ಮೇಲಿನ ಹಾಲ್‌ನಲ್ಲಿ ಸಭೆ. ಚಹಾ, ಚುರುಮುರಿ, ಗೋಡೆಯ ತುಂಬ ಬೆಳಕಿನ ಚಿತ್ರ. "ಇದು ಕ್ರಿಪ್ಟೋ, ಫೋನಿನೊಳಗಿನ ಕಾಯಿನ್," ಅಂದ ವಿಹಾನ್ ಸರ್. "ದಿನಕ್ಕೆ ನೂರಕ್ಕೆ ಎರಡು ರೂಪಾಯಿ, ಲಾಭದ ಮೇಲೂ ಲಾಭ, ಗ್ಯಾರಂಟಿ. ಇವತ್ತಿನವರೆಗೆ ಒಂದು ದಿನವೂ ಇಳಿದಿಲ್ಲ. ನೀವು ಇಬ್ಬರನ್ನು ಕರೆತಂದರೆ ಅವರ ಲಾಭದಲ್ಲೂ ನಿಮಗೆ ಪಾಲು. ಆದರೆ ಈ ಸೀಟು ಈ ತಿಂಗಳಿಗೆ ಮುಗಿಯುತ್ತೆ." ಆ ಕಾಯಿನ್ನಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಇಷ್ಟು ಹೊತ್ತಿಗೆ ಬೇರೆ ಊರಲ್ಲಿ ಬೇರೆ ಹೆಸರು ಇಟ್ಟಿರುತ್ತಾರೆ. ಮಾತು ಮಾತ್ರ ಇವೇ ಇರುತ್ತವೆ, ಅವನ್ನು ನೆನಪಿಡಿ.

ನಾನು ಹಿಂದಿನ ಸಾಲಿನಲ್ಲಿ ಎದ್ದು ನಿಂತೆ. "ಸರ್, ಒಂದ್ ಮಾತು. ಉಳ್ಳಾಗಡ್ಡಿ ಏರತೈತಿ, ಇಳಿತೈತಿ. ಬಂಗಾರ ಏರತೈತಿ, ಇಳಿತೈತಿ. ಇದು ಇಳಿಯೂದು ಯಾವಾಗ್ರಿ?"

"ಒಳ್ಳೇ ಪ್ರಶ್ನೆ ಬ್ರದರ್," ಅಂತ ನಕ್ಕ ಅವನು. "ಉಳ್ಳಾಗಡ್ಡಿಗೂ ಟೆಕ್ನಾಲಜಿಗೂ ಸ್ವಲ್ಪ ವ್ಯತ್ಯಾಸ ಇದೆ."

ಮಾಸ್ತರು ಮೈಕ್ ಎಳೆದುಕೊಂಡರು. "ಯಮನೂರಾ, ಕೂಡ್ರಲೇ. ಹದಿಮೂರರ ಮಗ್ಗಿ ಬರದವ ಬಡ್ಡಿ ಲೆಕ್ಕ ಕೇಳಾಕ ಬಂದಾನ!"

ಸಭೆ ಗೊಳ್ಳೆಂದಿತು. ಮೂರನೇ ಸಾಲಿನಲ್ಲಿ ನನ್ನ ಚಿಗವ್ವ ಫಕೀರವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳೇ, ಮನೆಯ ಪಡಸಾಲೆಯಲ್ಲೇ ಹಿಟ್ಟಿನ ಗಿರಣಿ ನಡೆಸಿ. ಅವಳು ನಕ್ಕದ್ದಕ್ಕೇ ನಾನು ಕೂತುಬಿಟ್ಟೆ. ಕೂರಬಾರದಿತ್ತು.

ಅದಕ್ಕಿಂತ ದೊಡ್ಡ ತಪ್ಪು ಮುಂದಿನದು. ದುಡ್ಡು ಕೊಟ್ಟವರಿಗೆಲ್ಲ ಅವನು ಗಾಜಿನ ಚೌಕಟ್ಟಿನಲ್ಲಿ ಕೂರಿಸಿದ ಒಂದೊಂದು ಹಿತ್ತಾಳೆ ನಾಣ್ಯ ಕೊಟ್ಟ. "ನಿಮ್ಮ ಕಾಯಿನ್ನಿನ ಜೀವ ಫೋನಿನಲ್ಲಿದೆ, ದೇಹ ಇದು. ಗೋಡೆಗೆ ಗಟ್ಟಿಯಾಗಿ ಮೊಳೆ ಹೊಡೆಸಿ. ತೆಗೆದರೆ ಅಕೌಂಟು ಲಾಕ್ ಆಗುತ್ತೆ." ನಮ್ಮೂರಲ್ಲಿ ಗೋಡೆಗೆ ಮೊಳೆ ಹೊಡೆಯುವ ರೂಢಿಯೇ ಇಲ್ಲ. ತನ್ನ ವಸ್ತುವನ್ನು ಯಾರು ಜಡಿದು ಇಡುತ್ತಾರೆ? ದೇವರ ಫೋಟೋ ಕೂಡ ಗೂಡಿನಲ್ಲಿ ಒರಗಿಸಿಡುತ್ತೇವೆ. ಹಗಲೆಲ್ಲ ಖಾಲಿ ಇರುವವನು, ಮನೆಯಲ್ಲಿ ಸುತ್ತಿಗೆ ಇರುವವನು ನಾನೊಬ್ಬನೇ. ಮೊಳೆಗೆ ಇಪ್ಪತ್ತು ರೂಪಾಯಿ ಕೊಡುತ್ತೇನೆ ಅಂದ. ಸಭೆಯಲ್ಲಿ ಅವನಿಗೆ ಎದುರು ಮಾತಾಡಿದ ನಾನೇ ಅವನ ಕೂಲಿಗೆ ಹೋದೆ. ನೂರಾ ನಲವತ್ತಮೂರು ಮನೆ, ನೂರಾ ನಲವತ್ತಮೂರು ಮೊಳೆ. ಚಿಗವ್ವನ ಮನೆಯದು ನಾನೇ ನಿಂತು, ಸೊಟ್ಟಗಾಗದ ಹಾಗೆ ನೋಡಿ ಹೊಡೆದದ್ದು.

ಒಬ್ಬೊಬ್ಬರಿಂದಲೂ ನೋಟಿನ ಕಟ್ಟಿನ ಮೇಲೆ ಕೈಯಿಡಿಸಿ, ಗಟ್ಟಿಯಾಗಿ, ಎರಡೆರಡು ಸಲ "ಬಿಟ್ಟೆ" ಅನ್ನಿಸಿದ. ಅವನು ನಾಣ್ಯ ಕೊಡುವಾಗ ಕೈಮುಗಿದ, ಫೋಟೋ ತೆಗೆಸಿಕೊಂಡ, ಮುದುಕಿಯರ ಕಾಲಿಗೆ ಬಿದ್ದ. ಆ ಒಂದು ಮಾತು ಮಾತ್ರ ಅವನ ಬಾಯಿಂದ ಬರಲಿಲ್ಲ. ಯಾರೂ ಕೇಳಲೂ ಇಲ್ಲ.

ಸಂಜೆಯಾದರೆ ಚೌಕಟ್ಟುಗಳು ಗೋಡೆಯ ಮೇಲೆ ಕುಣಿಯತೊಡಗಿದವು. ಟಕ ಟಕ ಟಕ. "ನಿಮ್ಮ ದುಡ್ಡು ಬೆಳೆಯುವ ಸದ್ದು ಅದು," ಅಂದ ವಿಹಾನ್ ಸರ್. ಜನ ಮನೆ ಬಾಗಿಲು ತೆರೆದಿಟ್ಟು, ನಮ್ಮದು ಜೋರೋ ನಿಮ್ಮದು ಜೋರೋ ಅಂತ ಪಂದ್ಯ ಕಟ್ಟಿದರು. ಇಲ್ಲಿ ನಮ್ಮೂರಿನವರ ತಲೆ ಎಲ್ಲಿಗೆ ಹೋಗಿತ್ತು ಅಂತ ನೀವು ಕೇಳಬಹುದು. ಕಟ್ಟಿಹಾಕಿದ ಪರರ ವಸ್ತು ಸಂಜೆಗೆ ಜಗ್ಗಾಡುತ್ತದೆ ಅನ್ನುವುದು ಇಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಆದರೆ ಅತ್ತ ಚೌಕಟ್ಟು ಕುಣಿಯುವಾಗ ಇತ್ತ ಫೋನಿನಲ್ಲಿ ಅಂಕಿ ಏರುತ್ತಿತ್ತು. ಅಂಕಿ ನೋಡುವ ಕಣ್ಣಿಗೆ ಮೊಳೆ ಕಾಣುವುದಿಲ್ಲ.

ಚಿಗವ್ವ ಅರವತ್ತು ಸಾವಿರ ಹಾಕಿದ್ದಳು. ಖಾರ ಕುಟ್ಟುವ ಯಂತ್ರ ತರಬೇಕೆಂದು ಕೂಡಿಟ್ಟ ದುಡ್ಡು. ಸಂಜೆ ಆಗುತ್ತಲೂ ಗಿರಣಿ ಬಂದ್ ಮಾಡಿ ಚೌಕಟ್ಟಿನ ಎದುರು ಕೂರುತ್ತಿದ್ದಳು. "ಕೇಳಲೇ, ಹೆಂಗ ಕುಣಿತೈತಿ! ಖಾರದ ಯಂತ್ರ ಬಾಗಿಲಿಗೆ ಬಂದಂಗಾತು." ಐದನೇ ತಿಂಗಳಿಗೆ, ಫೋನಿನಲ್ಲಿ ಒಂಬತ್ತು ಲಕ್ಷ ತೋರಿಸಿದ ದಿನ ಅವಳು ಒಂದು ಲಕ್ಷ ತೆಗೆಯಲು ಹೋದಳು. ಬರಲಿಲ್ಲ. ಮೊದಲು ತೆರಿಗೆ ಅಂತ ಒಂದು ಲಕ್ಷ ಇಪ್ಪತ್ತು ಸಾವಿರ ಕಟ್ಟಬೇಕು, ಶುಕ್ರವಾರ ಸಂಜೆ ಆರರೊಳಗೆ. ಇಲ್ಲದಿದ್ದರೆ ಎಲ್ಲಾ ಮುಟ್ಟುಗೋಲು.

"ಚಿಗವ್ವಾ," ಅಂದೆ, "ಒಂಬತ್ತು ಲಕ್ಷ ಅವರ ಹತ್ರಾನ ಐತಲ್ಲ? ತೆರಿಗಿ ಅದರಾಗ ಮುರಕೊಂಡು ಉಳಿದಿದ್ದು ಕೊಡ್ಲಿ."

"ಕೇಳೀನೋ. ಸಿಸ್ಟಮ್ ಒಪ್ಪಂಗಿಲ್ಲಂತ."

"ಸಿಸ್ಟಮ್ ಅಂದ್ರ ಯಾರು? ಅವನ ಮಾವನ?"

"ನಿನಗ ಎಲ್ಲಾ ಚಾಷ್ಟಿ. ಗಿರಣಿ ಮಾರತೀನಿ. ಆಚಿ ಓಣಿ ಮಕ್ತುಮ್ ಸಾಬರಿಗೆ ಹೇಳೀನಿ, ಶುಕ್ರವಾರ ರೊಕ್ಕ ತರತಾರ."

"ಗಿರಣಿ ಹೋದ್ರ ಏನ್ ತಿಂತಿ? ಫೋನ್ ನೆಕ್ಕತೀಯೇನು?"

ಅವಳು ಎರಡೂ ಕೈ ನನ್ನ ಮುಖದ ಮುಂದೆ ಹಿಡಿದಳು. ಉಗುರಿನ ಸಂದಿಯಲ್ಲಿ ಜೋಳದ ಹಿಟ್ಟು. "ಹದಿನೆಂಟು ವರ್ಷ ಮಂದಿ ಹಿಟ್ಟು ಬಳದೀನಿ ಈ ಕೈಲೆ. ನಾ ಒಮ್ಮೆರ ದೊಡ್ಡಾಕಿ ಆಗಬಾರದೇನು?" ಆಸೆ ಪಟ್ಟದ್ದು ಅವಳ ತಪ್ಪಲ್ಲ. ಅವಳ ಆಸೆಯ ಮೇಲೆ ಅಂಗಡಿ ಹಾಕಿದವನ ಮೇಲೆ ನನಗೆ ಸಿಟ್ಟು.

ಗುರುವಾರ ಸಂಜೆ ಎಂದಿನಂತೆ ಬಟ್ಟೆ ಹಿಡಿದು ನಿಂತಿದ್ದೆ. ಪೆಂಡಾಲಿನವರು ಮಕ್ತುಮ್ ಸಾಬರ ಏಣಿಯನ್ನು ಎರಡು ದಿನಕ್ಕೆ ಎರವಲು ತಂದು ಬೇವಿನ ಮರಕ್ಕೆ ಕಟ್ಟಿದ್ದರು. ಹೊತ್ತು ಇಳಿದದ್ದೇ ತಡ, ಏಣಿ ಹಗ್ಗ ಜಗ್ಗುತ್ತ ಸಾಬರ ಮನೆಯ ಕಡೆ ವಾಲಿ ಮರಕ್ಕೆ ಬಡಿಯತೊಡಗಿತು. ಟಕ ಟಕ ಟಕ. ನನ್ನ ಕೈಯ ಬಟ್ಟೆ ಕೆಳಗೆ ಬಿತ್ತು. ದಾರಿಯಲ್ಲಿ ಯಾರದೋ ಬಕೆಟ್ಟು ಆಟೋಕ್ಕೆ ಗುದ್ದಿದ್ದೂ ಲೆಕ್ಕಿಸದೆ ಓಣಿಗೆ ಓಡಿದೆ. ತೆರೆದ ಬಾಗಿಲುಗಳಲ್ಲಿ ಒಂದೊಂದೇ ಇಣುಕಿದೆ. ಎಡಗಡೆ ಮನೆಗಳ ಚೌಕಟ್ಟು, ಬಲಗಡೆ ಮನೆಗಳ ಚೌಕಟ್ಟು, ಎಲ್ಲಾ ಒಂದೇ ದಿಕ್ಕಿಗೆ ವಾಲಿ ಕುಣಿಯುತ್ತಿದ್ದವು. ಬಸ್ ಸ್ಟ್ಯಾಂಡಿನ ದಿಕ್ಕಿಗೆ. ಖುಷಿಗೆ ಕುಣಿಯುವ ನಾಣ್ಯ ಒಂದೇ ಕಡೆ ಯಾಕೆ ವಾಲಬೇಕು?

ಕೂಗಿ ಹೇಳಿದೆ. ಮಾಸ್ತರು ಕಟ್ಟೆಯ ಮೇಲೆ ಕೂತಲ್ಲಿಂದಲೇ ಅಂದರು, "ಉತ್ತರಕ್ಕ ವಾಲಿದ್ರ ಛಲೋ ಆತಲ್ಲಲೇ. ಅದು ಕುಬೇರನ ದಿಕ್ಕು."

"ಲಾಡ್ಜಿನ ದಿಕ್ಕು ಮಾಸ್ತರ್!"

"ನಿನಗ ಇಪ್ಪತ್ತು ರೂಪಾಯಿ ಕೂಲಿ ಸಿಕ್ತು, ನಮಗ ಲಕ್ಷ ಸಿಗತಾವ. ಹೊಟ್ಟಿಕಿಚ್ಚು ಪಡಬ್ಯಾಡ, ಅರಗಂಗಿಲ್ಲ."

ಶುಕ್ರವಾರ ಐದೂವರೆಗೆ ಮಕ್ತುಮ್ ಸಾಬರು ರೊಕ್ಕದ ಚೀಲ ಹಿಡಿದು ಬಂದರು. ಒಳ್ಳೆಯ ಮನುಷ್ಯ, ಕಣ್ಣೆತ್ತಿ ಚಿಗವ್ವನನ್ನು ನೋಡಲಾರದೆ ನಿಂತಿದ್ದರು. "ಫಕೀರವ್ವ, ನೀ ಬ್ಯಾಡಂದ್ರ ನಾ ಹಂಗ ಹೋಗ್ತೀನವಾ." ಅಷ್ಟರಲ್ಲಿ ಫೋನು ಬಂತು, ಸ್ಪೀಕರಿನಲ್ಲಿ ಅವನ ದನಿ: "ಮೇಡಂ, ಇನ್ನು ಇಪ್ಪತ್ತೇ ನಿಮಿಷ. ನಾನು ರೂಮಿನಲ್ಲೇ ಇದ್ದೀನಿ. ಯಾರ ಹತ್ತಿರವೂ ಚರ್ಚೆ ಮಾಡಬೇಡಿ, ಸುಮ್ಮನೆ ಬಂದುಬಿಡಿ." ಚಿಗವ್ವ ಗಿರಣಿಯ ಕಾಳು ಸುರಿಯುವ ಬಾಯಿಯ ಮೇಲೆ ಅಂಗೈ ಇಟ್ಟಳು. "ಬಿಟ್ಟೆ" ಅನ್ನಲು ಬಾಯಿ ತೆರೆದಳು. ಹೊರಗೆ ಹೊತ್ತು ಇಳಿಯಿತು. ಗೋಡೆಯ ಮೇಲೆ ಟಕ ಟಕ ಶುರುವಾಯಿತು.

ನಾನು ಇಕ್ಕಳ ಹಿಡಿದು ಗೋಡೆಯ ಕಡೆ ನಡೆದೆ.

"ಏಯ್! ಕೀಳಬ್ಯಾಡೋ, ಲಾಕ್ ಆಗತೈತಿ!" ಅಂತ ಅವಳು ಗಿರಣಿ ಬಿಟ್ಟು ಓಡಿಬಂದು ನನ್ನ ತೋಳು ಹಿಡಿದು ಜೋತುಬಿದ್ದಳು. ಉಗುರು ಊರಿ ರಕ್ತ ಬಂತು.

"ನಾನ ಹೊಡದೀನಿ, ನಾನ ಕೀಳತೀನಿ. ನಾಣ್ಯ ನಿಂದಾಗಿದ್ರ ನಿನ್ನ ಕಾಲ ಹತ್ರ ನಿಲ್ಲತೈತಿ ಚಿಗವ್ವಾ. ನಿಂತ್ರ ನಾನು ಈ ಊರು ಬಿಟ್ಟು ಹೋಗ್ತೀನಿ, ನೀ ಗಿರಣಿ ಮಾರು."

ಮೊಳೆ ಕಿರ್ ಅಂತು. ಚೌಕಟ್ಟು ನೆಲಕ್ಕೆ ಬಿದ್ದು ಗಾಜು ಒಡೆಯಿತು. ನಾಣ್ಯ ಅಂಚಿನ ಮೇಲೆ ಎದ್ದು ನಿಂತಿತು. ಚಿಗವ್ವನ ಕೈ ತಾನಾಗಿ ಮುಗಿದುಕೊಂಡಿತು. ನಾಣ್ಯ ಅವಳ ಪಾದದ ಹತ್ತಿರ ಬಂತು. ಪಾದ ಹತ್ತಿತು. ಪಾದ ಇಳಿಯಿತು. ಹೊಸ್ತಿಲು ದಾಟಿ ಓಣಿಗೆ ಉರುಳಿತು. ಅದರ ಹಿಂದೆ ಮುರಿದ ಚೌಕಟ್ಟೂ ಕುಂಟುತ್ತ ಹೊರಟಿತು.

"ಯಾ ಅಲ್ಲಾ," ಅಂದರು ಮಕ್ತುಮ್ ಸಾಬರು. "ಅದು ಯಾರ ಮನಿಗೆ ಹೊಂಟತು?"

ಚಿಗವ್ವ ಬರಿಗಾಲಿನಲ್ಲಿ ಅದರ ಬೆನ್ನು ಹತ್ತಿದಳು. ಅವಳ ಹಿಂದೆ ನಾವು, ನಮ್ಮ ಹಿಂದೆ ಓಣಿ. ನಾಣ್ಯ ಬಸ್ ಸ್ಟ್ಯಾಂಡು ದಾಟಿ, ಲಾಡ್ಜಿನ ಮೆಟ್ಟಿಲನ್ನು ಒಂದೊಂದಾಗಿ ಕುಪ್ಪಳಿಸಿ ಹತ್ತಿ, ಏಳನೇ ನಂಬರಿನ ಬಾಗಿಲಿಗೆ ಬಡಿಯಿತು. ಟಕ ಟಕ ಟಕ. ಬಾಗಿಲು ತೆರೆದ ವಿಹಾನ್ ಸರ್ ಕೈಯಲ್ಲಿ ಕಟ್ಟಿ ಸಿದ್ಧವಾದ ಬ್ಯಾಗಿತ್ತು. ನಾಣ್ಯ ಸಾಕಿದ ನಾಯಿಯ ಹಾಗೆ ಹೋಗಿ ಅವನ ಬೂಟಿನ ಮೇಲೆ ಮಲಗಿತು.

"ಇದು ಸಿಗ್ನಲ್ ಪ್ರಾಬ್ಲಂ ಮೇಡಂ," ಅಂದ. ಫೋನು ತೋರಿಸಿದ. "ನೋಡಿ, ನಿಮ್ಮ ಒಂಬತ್ತು ಲಕ್ಷ ಹಾಗೇ ಇದೆ."

"ಅದು ಅಂಕಿ," ಅಂದಳು ಚಿಗವ್ವ. ದನಿ ಏರಿಸಲಿಲ್ಲ. "ನನ್ನ ಅರವತ್ತು ಸಾವಿರ ಎಲ್ಲೈತಿ?"

ಅವನು ಬ್ಯಾಗನ್ನು ಬೆನ್ನ ಹಿಂದೆ ಸರಿಸಿದ. ಮೆಟ್ಟಿಲ ಮೇಲಿದ್ದ ಜನಕ್ಕೆ ಅಷ್ಟು ಸಾಕಾಯಿತು. ಆದರೆ ನಮ್ಮವರ ಬುದ್ಧಿ ನೋಡಿ, ಅವನನ್ನು ಹಿಡಿಯುವುದು ಬಿಟ್ಟು ಎಲ್ಲರೂ ತಮ್ಮ ತಮ್ಮ ಮೊಳೆ ಕೀಳಲು ಮನೆಗೆ ಓಡಿದರು. ನನ್ನದೂ ಹೀಗೇ ಇರುತ್ತದೆಯೇ, ನನ್ನದು ಬೇರೆ ಇರಬಹುದು ಅಂತ. ನಾನೂ ಚಿಗವ್ವನನ್ನು ಹಿಡಿದು ಕೂರಿಸಬೇಕಾಯಿತು, ಅವಳ ಬರಿಗಾಲಿಗೆ ಒಡೆದ ಗಾಜು ಚುಚ್ಚಿತ್ತು. ಅವನು ಹಿಂಬಾಗಿಲಿನಿಂದ ಇಳಿದು ಒಂದು ಲಾರಿ ಹತ್ತಿದ. ಇಡೀ ಊರಿನ ನಾಣ್ಯಗಳು ಓಣಿ ಓಣಿಯಿಂದ ಹೊರಬಿದ್ದು, ಆಲಿಕಲ್ಲು ಸುರಿದ ಹಾಗೆ ಸದ್ದು ಮಾಡುತ್ತ ಲಾರಿಯ ಹಿಂದೆ ಉರುಳಿದವು. ಸೀಮೆಗಲ್ಲಿನ ಆಚೆ ನಮ್ಮೂರಿನ ನಡೆ ನಡೆಯುವುದಿಲ್ಲ. ಅಲ್ಲಿಗೆ ಮುಟ್ಟಿ ಹಾಗೇ ಅಂಗಾತ ಬಿದ್ದವು. ಈಗಲೂ ಅಲ್ಲೇ ಬಿದ್ದಿವೆ. ಯಾರೂ ಎತ್ತುವುದಿಲ್ಲ.

ಮರುದಿನ ಸಂಜೆ ಊರಿಗೆ ಊರೇ ಬಾಗಿಲು ತೆರೆದು ಹೊಸ್ತಿಲ ಮೇಲೆ ಕೂತಿತ್ತು. ನೋಟು ಬರಬಹುದು ಅಂತ. ಅದರ ಮರುದಿನವೂ ಕೂತರು. ಒಂದು ಹರಕು ಹತ್ತರ ನೋಟೂ ಬರಲಿಲ್ಲ. ಬಿಟ್ಟಿದ್ದೆವಲ್ಲ, ಎರಡೆರಡು ಸಲ.

ಆಮೇಲೆ ಶುರುವಾದದ್ದು ಸುಮ್ಮನಿರುವ ರೋಗ. ಗೋಡೆಯ ತೂತಿಗೆ ಸುಣ್ಣ ಮೆತ್ತಿದರು. ಮಾಸ್ತರು ಕಟ್ಟೆಯ ಮೇಲೆ ಕೂತು, ಮಂದಿ ನಗುತ್ತಾರೆ, ಪೊಲೀಸರಿಗೆ ಹೇಳಬೇಡಿ, ಅಂದರು. ನಾನು ಚಿಗವ್ವನನ್ನು ಸೈಕಲ್ ಹಿಂದೆ ಕೂರಿಸಿಕೊಂಡು ಠಾಣೆಗೆ ಹೋದೆ. ಅವನ ಫೋನ್ ನಂಬರು, ಅವನು ಕಳಿಸಿದ ಪ್ರತಿಯೊಂದು ಮೆಸೇಜು, ಲಾರಿಯ ಬಣ್ಣ, ಎಲ್ಲ ಬರೆದುಕೊಟ್ಟೆವು. ಮೊಳೆ ಹೊಡೆದವನು ನಾನೇ ಅಂತಲೂ ಬರೆದೆ. ಪೊಲೀಸಪ್ಪ ಓದಿ, "ಇದನ್ನ ಯಾಕ ಬರದಿ?" ಅಂದ. "ಹೊಡದೀನಿ, ಅದಕ್ಕ," ಅಂದೆ. ವಾಪಸ್ಸು ಬರುವಾಗ ಚಿಗವ್ವ ಏರಿನಲ್ಲಿ ಇಳಿದು ಸೈಕಲ್ ನೂಕಿದಳು. "ನಿನ್ನ ಮ್ಯಾಲೆ ಅವತ್ತು ನಕ್ಕೆ ನೋಡು," ಅಂದಳು. ನನಗೆ ಅಷ್ಟೇ ಬೇಕಾಗಿತ್ತು.

ಹದಿನೈದು ದಿನದ ಮೇಲೆ, ಮಧ್ಯಾಹ್ನ, ಗಿರಣಿ ತುಂಬ ಜನ. ಚಿಗವ್ವನ ಫೋನು ಹೊಡೆದುಕೊಂಡಿತು. ಸ್ಪೀಕರ್ ಹಾಕಿದಳು. ಗಂಭೀರ ದನಿ. "ನಾವು ರಿಕವರಿ ಆಫೀಸಿನಿಂದ. ನಿಮಗೆ ಮೋಸ ಮಾಡಿದವನು ಸಿಕ್ಕಿದ್ದಾನೆ, ನಿಮ್ಮ ಹಣ ನಮ್ಮ ಬಳಿ ಇದೆ. ಬಿಡಿಸಿಕೊಳ್ಳಲು ಎಂಟು ಸಾವಿರ ಫೀಸು ಕಟ್ಟಿ, ಇವತ್ತೇ ಕೊನೆ ದಿನ."

ಜನರ ಕಣ್ಣು ನೋಡಿದೆ. ಆಸೆ ಸತ್ತಿರಲಿಲ್ಲ, ಹೇಳುತ್ತೇನೆ ಕೇಳಿ, ಸತ್ತಿರಲಿಲ್ಲ. ಜೋಳದ ಚೀಲ ಹಿಡಿದು ಸಾಲಿನಲ್ಲಿದ್ದ ಹಂಪಣ್ಣ ಮಾಸ್ತರು ಒಂದು ಹೆಜ್ಜೆ ಮುಂದೆ ಬಂದರು.

ಚಿಗವ್ವ ಹಿಟ್ಟಿನ ಕೈಯಲ್ಲೇ ಫೋನು ಬಾಯಿಯ ಹತ್ತಿರ ಹಿಡಿದಳು. "ತಮ್ಮಾ, ನನ್ನ ರೊಕ್ಕ ನಿನ್ನ ಹತ್ರ ಐತೆಲ್ಲ?"

"ಹೌದು ಮೇಡಂ."

"ಎಂಟು ಸಾವಿರ ಅದರಾಗ ಮುರಕೊ. ಉಳಿದಿದ್ದು ಕಳಸು."

"ಹಾಗೆ ಬರಲ್ಲ ಮೇಡಂ, ಸಿಸ್ಟಮ್..."

"ಹಂಗಾರ ನಿಮ್ಮ ಸಿಸ್ಟಮ್ಮಿಗೆ ಹೇಳು, ಫಕೀರವ್ವ ಬಿಡಂಗಿಲ್ಲಂತ." ಫೋನು ಮುಚ್ಚಿ ಹಿಟ್ಟಿನ ಡಬ್ಬಿಯ ಮೇಲೆ ಇಟ್ಟಳು. "ಮುಂದಿನ್ದು ಯಾರದು ಚೀಲ?"

ಚೀಲ ಮಾಸ್ತರದು. ಆದರೆ ಅವರು ಕದಲಲಿಲ್ಲ. ಅವರ ಕಿಸೆಯಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಅದನ್ನು ತೆಗೆದು ನೋಡಿದರು, ನನ್ನನ್ನು ನೋಡಿದರು. ಬಿಳಿ ಮೀಸೆ ಬೆವರಿತ್ತು. "ಯಮನೂರಾ," ಅಂದರು ಮೆಲ್ಲಗೆ, ಸಾಲೆಯಲ್ಲಿ ನಾನು ಅವರನ್ನು ಕೇಳುತ್ತಿದ್ದ ದನಿಯಲ್ಲಿ, "ಏನಂತ ಹೇಳಬೇಕೋ?"

ಅವತ್ತಿನ ಸಭೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹದಿಮೂರರ ಮಗ್ಗಿ ಅನ್ನಬೇಕೆಂದಿದ್ದೆ. ಅನ್ನಲಿಲ್ಲ. ಊರಿನಲ್ಲಿ ಒಂದು ಮೊಳೆ ಇನ್ನೂ ಕಿತ್ತಿಲ್ಲ ಅಂತ ನನಗೆ ಗೊತ್ತಿತ್ತು. ಆಗಲೂ ಸಂಜೆ ಮಾಸ್ತರ ಮನೆಯ ಮುಚ್ಚಿದ ಬಾಗಿಲ ಹಿಂದಿನಿಂದ ಟಕ ಟಕ ಕೇಳುತ್ತಿತ್ತು. ಮೂವತ್ತೊಂದು ಮನೆಯವರನ್ನು ತಾವೇ ಕರೆತಂದವರು ಅವರು. ಅದನ್ನು ಕಿತ್ತರೆ ಮೂವತ್ತೊಂದನ್ನೂ ಒಪ್ಪಿಕೊಂಡ ಹಾಗೆ. ಆ ಶುಕ್ರವಾರದಿಂದ ಕಿಸೆಯಲ್ಲೇ ಇದ್ದ ಇಕ್ಕಳ ತೆಗೆದು ಅವರ ಕೈಗೆ ಕೊಟ್ಟೆ. "ಫೋನಿಗೆ ಏನೂ ಹೇಳಬ್ಯಾಡ್ರಿ ಮಾಸ್ತರ್. ಮನಿಗೆ ಹೋಗ್ರಿ. ಚೀಲ ಇಲ್ಲೇ ಇರ್ಲಿ, ಚಿಗವ್ವ ಬೀಸಿಡತಾಳ."

ಅವರು ಹೋದರು. ಹೋಗುವ ಮುಂಚೆ, ಇದನ್ನೆಲ್ಲ ಎಲ್ಲೂ ಬರೆಯಬೇಡಪ್ಪ ಅಂದರು. ಅದಕ್ಕೆ ನಾನು ಹೂಂ ಅನ್ನಲಿಲ್ಲ.

ಅವತ್ತು ಸಂಜೆ ನಾಲ್ಕು ದಾರಿಯಲ್ಲಿ ನಿಂತಿದ್ದೆ. ಕೊಡೆಗಳು ಬಂದವು, ಕೊಡಗಳು ಬಂದವು, ಒಂದು ತೊಟ್ಟಿಲು ಗಂಭೀರವಾಗಿ ತೂಗುತ್ತ ಹೋಯಿತು. ಎಲ್ಲ ಮುಗಿಯಿತು ಅಂತ ಬಟ್ಟೆ ಮಡಚುವಷ್ಟರಲ್ಲಿ ಮಾಸ್ತರ ಓಣಿಯಿಂದ ಒಂದೇ ಒಂದು ಹಿತ್ತಾಳೆ ನಾಣ್ಯ ಉರುಳುತ್ತ ಬಂತು. ನಾನು ಕೆಂಪು ಬಟ್ಟೆ ಎತ್ತಿ ಹಿಡಿದೆ. ಬಸ್ಸು ನಿಂತಿತು, ಅದರ ಹಿಂದೆ ಆಟೋಗಳು ನಿಂತವು, ಹಾರ್ನೋ ಹಾರ್ನು. ನಾಣ್ಯಕ್ಕೇನೂ ಅವಸರವಿರಲಿಲ್ಲ. ನಾನೂ ಕೈ ಇಳಿಸಲಿಲ್ಲ.

"ಏಯ್ ಯಮನೂರಾ!" ಅಂತ ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹಾಕಿ ಒದರಿದ. "ಯಾರದಲೇ ಅದು?"

"ನಮ್ಮದಲ್ಲ," ಅಂದೆ. "ನಿಂದರು. ಅದು ಊರು ದಾಟಲಿ."